ಮಸ್ಕಿಯ ನೈಂಟಿ: ಒಂದು ರಸಮೀಮಾಂಸೆ

ಪೀಠಿಕೆ: ಹೈಲ್ಯಾಂಡ್ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಹೀಗೇ ಸವಿಯಬೇಕೆಂದು ಬಲ್ಲವರ ಕಟ್ಟಪ್ಪಣೆ: ಮೊದಲು ವರ್ಣ, ಆಮೇಲೆ ಗಂಧ, ರಸ, ಕೊನೆಗೆ ಶೇಷ. ಅವರ ಉಪನ್ಯಾಸ ಮುಗಿಯುವಷ್ಟರಲ್ಲಿ ಸ್ಕಾಟ್ಲೆಂಡಿನಲ್ಲಿ ಇನ್ನೊಂದು ಬಾರ್ಲಿ ಬೆಳೆ ಕೊಯ್ಲಿಗೆ ಬಂದಿರುತ್ತದೆ. ನೂರಕ್ಕೆ ತೊಂಬತ್ತೆರಡೂವರೆ ಅಂಕ ಕೊಡುತ್ತಾರೆ. ಆ ಅರ್ಧ ಅಂಕ ನಾಲಿಗೆಯ ಯಾವ ಮೂಲೆಯಲ್ಲಿ ಸಿಕ್ಕಿತೆಂದು ಕೇಳುವಂತಿಲ್ಲ. ಸದರಿ ಚತುರಂಗ ಶಾಸ್ತ್ರವನ್ನು ರಾಯಚೂರು ಸೀಮೆಯ ಮಸ್ಕಿಯ 90 ಎಂ.ಎಲ್. ವಿಸ್ಕಿ ಪ್ಯಾಕೆಟ್ಟಿಗೆ, ಅಂದರೆ ಲೋಕಪ್ರಸಿದ್ಧ ನೈಂಟಿಗೆ, ಅನ್ವಯಿಸುವುದೇ ಈ ಪ್ರಬಂಧದ ಘನೋದ್ದೇಶ.

1. ವರ್ಣ: ಪ್ಯಾಕೆಟ್ ಅಪಾರದರ್ಶಕವಾದ್ದರಿಂದ ವರ್ಣವು ನಿರ್ಗುಣ ನಿರಾಕಾರ. ಪ್ಲಾಸ್ಟಿಕ್ ಲೋಟಕ್ಕೆ ಸುರಿದಾಗ ಮಾತ್ರ ಕ್ಯಾರಮೆಲ್ಲಿನ ಕಂದು ಸಾಕ್ಷಾತ್ಕಾರವಾಗುತ್ತದೆ. ಸ್ಕಾಚಿಗೂ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನಿನ ಒಪ್ಪಿಗೆಯಿದೆ; ಬಲ್ಲವರು ಅದರಲ್ಲಿ ಸೂರ್ಯಾಸ್ತ ಕಾಣುತ್ತಾರೆ.

2. ಗಂಧ: ಅಲ್ಲಿ ಜೇನು, ಹೀದರ್ ಹೂ, ಒಣದ್ರಾಕ್ಷಿ, ಅಜ್ಜನ ಚರ್ಮದ ಕುರ್ಚಿ. ಇಲ್ಲಿ ಮೂಲಸ್ವರ ಕಾಕಂಬಿಯದು. ಮಧ್ಯಮದಲ್ಲಿ ಪಕ್ಕದ ಬಂಡಿಯ ಮಿರ್ಚಿ ಎಣ್ಣೆ, ತಾರಕದಲ್ಲಿ ಬೆಳಿಗ್ಗೆ ಭತ್ತಕ್ಕೆ ಹೊಡೆದು ಅಂಗಿಗೆ ಮೆತ್ತಿಕೊಂಡು ಬಂದ ಔಷಧ.

3. ರಸ: ಮದ್ಯಸಾರ ಶೇ. 42.8. ಮಾಲ್ಟಿಗೆ ನಾಲ್ಕು ಹನಿ ನೀರು ಬೆರೆಸಿ ಅದು 'ಅರಳುವುದನ್ನು' ಕಾಯಬೇಕಂತೆ. ನೈಂಟಿಗೆ ಅರಳುವಷ್ಟು ಪುರುಸೊತ್ತಿಲ್ಲ. ನಾಲಿಗೆಗೆ ಸುಳಿವು ಕೊಡದೆ ಗಂಟಲು ದಾಟಿಸುವುದೇ ಇಲ್ಲಿನ ಪಾಂಡಿತ್ಯ, ಬಳಿಕ ಉಪ್ಪಿನಕಾಯಿ.

3(ಅ). ಪರಿಪಾಕ: ಸ್ಕಾಚ್ ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಮಲಗಬೇಕು. ಆಗ ವರ್ಷಕ್ಕೆ ಶೇ. 2ರಷ್ಟು ಆವಿಯಾಗುತ್ತದೆ, ಅದು ದೇವತೆಗಳ ಪಾಲಂತೆ. 2004ರಲ್ಲಿ ಗ್ಲಾಸ್ಗೋ ಪೇಟೆಗೇ ಹೋಗಿ ಇಳಿದ ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟಿನಲ್ಲಿ ಸೆಕೆಯ ದೆಸೆಯಿಂದ ಆ ಪಾಲು ಶೇ. 10 ದಾಟುತ್ತದೆ. ನೈಂಟಿಯ ಪರಿಪಾಕವೋ, ಕೌಂಟರಿನಿಂದ ಅಂಗಡಿಯ ಹಿಂಗೋಡೆಯವರೆಗೆ. ದೇವತೆಗಳಿಗೆ ಹನಿಯೂ ಇಲ್ಲ. 1915ರಲ್ಲಿ ಪತ್ತೆಯಾದ ಶಾಸನದಲ್ಲಿ ದೇವಾನಾಂಪ್ರಿಯ ಅಶೋಕನ ಹೆಸರನ್ನೇ ಹೊತ್ತ ಊರಿನಲ್ಲಿ ಇದು ಶೋಚನೀಯ.

ಹಾಗಾದರೆ ಇಲ್ಲಿ ಪಾಲು ಯಾರದು? 3(ಆ), 3(ಇ) ಎಂದು ಬರೆಯುತ್ತ ಕೂರಲು ಇನ್ನು ಮನಸ್ಸಿಲ್ಲ. ಅಬಕಾರಿ ಸುಂಕದ ಪಾಲು ಬೆಂಗಳೂರಿಗೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದು ಬಿಟ್ಟುಹೋದ ಜಾಗಕ್ಕೆ ವಿಸ್ಕಿ ಎಂಬ ಮರ್ಯಾದಸ್ಥ ಹೆಸರಿನ ಪ್ಯಾಕೆಟ್ ಬಂದು ಕೂತಿತು. ಲೈಸೆನ್ಸ್ ಇಲ್ಲದ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸೋಪಿನ ಮಗ್ಗುಲಲ್ಲೇ ಸಿಗುತ್ತದೆ. ಅಕ್ಕಿಗೆಂದು ಎತ್ತಿಟ್ಟ ನಾಟಿಯ ಕೂಲಿ ಅಲ್ಲೇ ಕರಗುತ್ತದೆ. ಕುಡಿದವನು ಬಯಲಲ್ಲೇ ಬಿದ್ದುಕೊಂಡರೆ ಆ ರಾತ್ರಿ ಮನೆಯವರ ಪುಣ್ಯ. ಎದ್ದು ಬಂದರೆ ಏಟು.

ನಾಲ್ಕನೆಯದಾದ ಶೇಷವನ್ನು ಬಲ್ಲ ಪರಿಣತರು ಒಂದು ಗುಟುಕೂ ಕುಡಿದವರಲ್ಲ. ರಾಯಚೂರು ಸೀಮೆಯವರೂ ಸೇರಿದಂತೆ ಸಾವಿರಾರು ಹೆಣ್ಣುಮಕ್ಕಳು 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಇಷ್ಟು ದೂರ ನಡೆದು ಅಭಿಪ್ರಾಯ ಹೇಳಿದ ವಿಮರ್ಶಕರು ಮದ್ಯದ ಲೋಕದಲ್ಲಿ ಬೇರೆ ಯಾರಿದ್ದಾರೆ? ಲೋಟದೊಳಗೆ ಮೂಗಿಟ್ಟು ಕಣ್ಣು ಮುಚ್ಚುವ ಪಂಡಿತರು ಅಂಕ ಹಾಕಿದ್ದು ಸಾಕು. ಊರಲ್ಲಿ ಮದ್ಯದಂಗಡಿ ಇರಬೇಕೋ ಬೇಡವೋ ಎಂಬುದನ್ನು ಗ್ರಾಮಸಭೆಯಲ್ಲಿ ಆ ಹೆಣ್ಣುಮಕ್ಕಳು ಕೈಯೆತ್ತಿ ಹೇಳಲಿ, ಸರಕಾರ ಕೇಳಲಿ.