ಕಾಲರ್ ಮೈಕಿನ ಸಂಪಾದಕರು

ಧಾರವಾಡ ಜಿಲ್ಲೆಯ ಬಗ್ಗೆ ಯಾರೇ ಸಾಕ್ಷ್ಯಚಿತ್ರ ತೆಗೆಯಲಿ, ಅದರಲ್ಲಿ ಎರಡು ದೃಶ್ಯ ತಪ್ಪುವುದಿಲ್ಲ. ಒಂದು, ಡ್ರೋನಿನಿಂದ ತೆಗೆದ ಹಸಿರು ಹೊಲ. ಇನ್ನೊಂದು, ನಮ್ಮ ಸಂಪಾದಕರು. ಚಿತ್ರ ಪೇಢೆಯದ್ದಿರಲಿ, ಕಸೂತಿಯದ್ದಿರಲಿ, ನವಲಗುಂದದ ಜಮಖಾನದ್ದಿರಲಿ, ಕುಂದಗೋಳದ ನಾಡಿಗೇರ ವಾಡೆಯ ಸಂಗೀತದ್ದಿರಲಿ, ಮೂರನೆಯ ನಿಮಿಷಕ್ಕೆ ಪುಸ್ತಕದ ಕಪಾಟೊಂದು ಕಾಣುತ್ತದೆ. ಅದರ ಮುಂದೆ ಖಾದಿ ಜಾಕೀಟು ಹಾಕಿದ ಒಬ್ಬರು ಕ್ಯಾಮೆರಾ ಬಿಟ್ಟು ಅದರ ಪಕ್ಕಕ್ಕೆ ನೋಡುತ್ತ, “ಅದೊಂದು ಕಾಲ ಇತ್ರೀ...” ಎಂದು ಶುರು ಮಾಡುತ್ತಾರೆ. ಕ್ಯಾಮೆರಾವನ್ನು ನೇರ ನೋಡಬಾರದು ಎಂಬುದು ಈ ಕಸುಬಿನ ಮೊದಲ ಪಾಠ. ಅದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಹುಟ್ಟುತ್ತಲೇ ಪಕ್ಕಕ್ಕೆ ನೋಡುತ್ತ ಹುಟ್ಟಿದವರು.

ಊರಿಗೊಬ್ಬರು ಇಂಥವರು ಇರುತ್ತಾರೆ. ನನ್ನ ಪಾಲಿಗೆ ಬಂದವರು ಕಲಘಟಗಿಯವರು. ಒಂದು ಕಾಲಕ್ಕೆ ಅವರದೊಂದು ವಾರಪತ್ರಿಕೆ ಇತ್ತು. ವಾರಪತ್ರಿಕೆಯಾಗಿ ಹುಟ್ಟಿ, ಕೆಲವು ವರ್ಷ ತಿಂಗಳಿಗೊಮ್ಮೆ ಹೊರಟು, ಆಮೇಲೆ ರಾಜ್ಯೋತ್ಸವ ವಿಶೇಷಾಂಕಕ್ಕೆ ಮಾತ್ರ ಸೀಮಿತವಾಗಿ, ಕಡೆಗೆ ಅದೂ ನಿಂತಿತು. ಪತ್ರಿಕೆ ನಿಂತರೂ ಸಂಪಾದಕತ್ವ ನಿಲ್ಲಲಿಲ್ಲ. ಅವರ ಬಿರುದು ಚಿತ್ರದಿಂದ ಚಿತ್ರಕ್ಕೆ ಬೆಳೆಯುತ್ತ ಬಂದಿದೆ. ಮೊದಲ ಚಿತ್ರದಲ್ಲಿ ಹೆಸರಿನ ಕೆಳಗೆ ಬರೀ ‘ಪತ್ರಕರ್ತರು’ ಎಂದಿತ್ತು. ಮುಂದೆ ‘ಹಿರಿಯ ಪತ್ರಕರ್ತರು’. ಅಲ್ಲಿಂದ ‘ಸಂಸ್ಕೃತಿ ಚಿಂತಕರು’, ‘ಜಾನಪದ ತಜ್ಞರು’. ಈಚಿನ ಚಿತ್ರವೊಂದರಲ್ಲಿ ಬಿರುದು ಪರದೆಯ ಎಡ ತುದಿಯಿಂದ ಬಲ ತುದಿಗೆ ಹೋಗಿ, ಜಾಗ ಸಾಲದೆ ಎರಡನೆಯ ಸಾಲಿಗೆ ಇಳಿದಿತ್ತು.

ಅವರ ವಯಸ್ಸಿನದು ಬೇರೆಯೇ ಲೆಕ್ಕ. ಬೇಂದ್ರೆಯವರ ಕುರಿತ ಚಿತ್ರದಲ್ಲಿ ಅವರು ಸಾಧನಕೇರಿಯ ಓಣಿಯಲ್ಲಿ ಅಜ್ಜನ ಛತ್ರಿಯ ಹಿಂದೆ ನಡೆದ ತರುಣ. ಮಲ್ಲಿಕಾರ್ಜುನ ಮನ್ಸೂರರ ಕುರಿತ ಚಿತ್ರದಲ್ಲಿ ಅರ್ಧ ಚಡ್ಡಿಯ ಹುಡುಗ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಮನ್ಸೂರರು 1992ರಲ್ಲಿ. ಕೂಡಿಸಿ ಕಳೆದು ನೋಡಿದರೆ ಅವರ ವಯಸ್ಸು ವರ್ಷದಿಂದ ವರ್ಷಕ್ಕೆ ಇಳಿದಿರಬೇಕು. ನಡುವೆ 1982ರ ಗೋಕಾಕ್ ಚಳವಳಿಯ ಚಿತ್ರಕ್ಕೆ ಬಂದಾಗ ಅವರು ಎಂ.ಎ. ಮುಗಿಸಿದ್ದರು, ರಾಜಕುಮಾರ್ ಭಾಷಣ ಮಾಡಿದ ವೇದಿಕೆಯ ಬಲಕ್ಕೆ ನಿಂತಿದ್ದರು. 1952ರಲ್ಲಿ ತೀರಿಕೊಂಡ ಸವಾಯಿ ಗಂಧರ್ವರನ್ನು ಮಾತ್ರ ಕಂಡಿಲ್ಲ ಎಂದು ಒಪ್ಪುತ್ತಾರೆ. ಆದರೆ ಅವರ ಹತ್ತಿರ ಪಾಠಕ್ಕೆಂದು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡುತ್ತಿದ್ದುದನ್ನು ವರ್ಣಿಸುವಾಗ, ಹಿಂದಿನ ಡಬ್ಬಿಯಲ್ಲಿ ತಾವೂ ಟಿಕೆಟ್ ಹಿಡಿದು ಕೂತಿದ್ದ ಹಾಗೇ ಇರುತ್ತದೆ.

ತಮ್ಮನ್ನು ಕರೆಯದ ಚಿತ್ರಗಳ ಬಗ್ಗೆ ಅವರಿಗೆ ಸಿಟ್ಟಿಲ್ಲ, ಕನಿಕರ ಇದೆ. ಗಿರೀಶ ಕಾರ್ನಾಡರು ಬೇಂದ್ರೆಯವರ ಮೇಲೆ ಮಾಡಿದ ಚಿತ್ರದ ಮಾತು ಬಂದರೆ, “ಆವಾಗ ಅಜ್ಜಾರು ಸ್ವತಃ ಇದ್ರು ನೋಡು, ನನ್ನ ಅವಶ್ಯಕತಾ ಬೀಳಲಿಲ್ಲ” ಎಂದು ರಿಯಾಯಿತಿ ಕೊಡುತ್ತಾರೆ. ಭೀಮಸೇನ ಜೋಶಿಯವರ ಮೇಲೆ ಗುಲ್ಜಾರ್ ಚಿತ್ರ ಮಾಡಿದ್ದಾರಲ್ಲ, ಗದಗಿನಲ್ಲಿ ಹುಟ್ಟಿದವರ ಬಗ್ಗೆ ಮಾಡುವಾಗ ಕಲಘಟಗಿಗೆ ಒಂದು ಫೋನ್ ಹಚ್ಚಬಾರದಿತ್ತೇ ಎಂಬುದು ಅವರ ಪ್ರಶ್ನೆ. “ಛಲೋ ಮಾಡ್ಯಾರ. ಆದ್ರ ಒಂದೆರಡು ಕಡೆ ಸಡಿಲ ಬಿಟ್ಟಾರ.” ಸಡಿಲ ಬಿಟ್ಟ ಜಾಗದಲ್ಲಿ ಯಾರು ಕೂರಬೇಕಿತ್ತು ಎಂಬುದನ್ನು ಕೇಳುವವರ ವಿವೇಚನೆಗೆ ಬಿಡುತ್ತಾರೆ.

ಈ ತಳಿ ನಮ್ಮ ಕಡೆಯ ಮಣ್ಣಿನಲ್ಲಿ ಮಾತ್ರ ಬೆಳೆಯುವುದೆಂದು ಬಹಳ ದಿನ ನಂಬಿದ್ದೆ. ಹಾಗೇನಿಲ್ಲ. ಬ್ರಿಟನ್ನಿನಲ್ಲಿ ಇದಕ್ಕೆ ದೊಡ್ಡ ಮಾರುಕಟ್ಟೆಯೇ ಇದೆ. 2000ನೇ ಇಸವಿಯಲ್ಲಿ ಬಿಬಿಸಿ ಟೂ ಚಾನೆಲ್ಲು ಎಪ್ಪತ್ತರ ದಶಕದ ಒಂದೊಂದು ವರ್ಷಕ್ಕೆ ಒಂದೊಂದು ಕಂತಿನಂತೆ ನೆನಪಿನ ಸರಣಿಯೊಂದನ್ನು ಮಾಡಿತು. ಆ ಕಾಲದ ಹಾಡು, ಆಟಿಕೆ, ಬಟ್ಟೆಗಳ ಬಗ್ಗೆ ನಟರು, ಹಾಡುಗಾರರು, ಪತ್ರಕರ್ತರು ಸರದಿಯ ಮೇಲೆ ಬಂದು ಮಾತಾಡಿದರು. ಸಂಗೀತದ ವಾರಪತ್ರಿಕೆ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ನಲ್ಲಿ ಬರೆಯುತ್ತಿದ್ದ ಸ್ಟುವರ್ಟ್ ಮೆಕೋನಿ ಎಂಬಾತ ಇಂಥ ಕಾರ್ಯಕ್ರಮಗಳ ಕಾಯಂ ಮುಖವಾದ. ಅವನದೊಂದು ಸ್ವಾರಸ್ಯ ಇದೆ. 1978ರಲ್ಲಿ ಜೆರಿ ರಾಫರ್ಟಿಯ ‘ಬೇಕರ್ ಸ್ಟ್ರೀಟ್’ ಎಂಬ ಹಾಡು ಬಂತು. ಅದರ ಸ್ಯಾಕ್ಸೋಫೋನ್ ನುಡಿಸಿದವನು ರಾಫೆಲ್ ರೇವನ್ಸ್‌ಕ್ರಾಫ್ಟ್. ಆದರೆ ಟೀವಿಯಲ್ಲಿ ಹುಡುಗರಿಗೆ ಕ್ವಿಜ್ ನಡೆಸುತ್ತಿದ್ದ ಸಭ್ಯ ಗೃಹಸ್ಥ ಬಾಬ್ ಹೋಲ್ನೆಸ್ ಅದನ್ನು ನುಡಿಸಿದ್ದು ಎಂಬ ಸುದ್ದಿ ದೇಶವೆಲ್ಲ ಹಬ್ಬಿತು. ತಮಾಷೆಗೆಂದು ಪತ್ರಿಕೆಯಲ್ಲಿ ಅದನ್ನು ಬರೆದದ್ದು ತಾನೇ ಎಂದು ಮೆಕೋನಿ ಹೇಳಿಕೊಂಡಿದ್ದಾನೆ. ಆ ಸುಳ್ಳು ನಮ್ಮದು ಎಂದು ಬೇರೆಯವರೂ ಹಕ್ಕು ಸಾಧಿಸಿದ್ದಾರೆ. ಸುಳ್ಳಿಗೂ ವಾರಸುದಾರರ ಜಗಳ!

ನಮ್ಮ ಸಂಪಾದಕರ ಸುಳ್ಳಿಗೆ ಇಂಥ ತಕರಾರಿಲ್ಲ, ಅದಕ್ಕೆ ಒಬ್ಬರೇ ವಾರಸುದಾರರು. ಕಲಘಟಗಿಯೆಂದರೆ ಬಣ್ಣದ ತೊಟ್ಟಿಲು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಪಟ್ಟಿಯ ಮೇಲೆ ರಾಮಾಯಣ, ಕೃಷ್ಣಲೀಲೆ. ಚೊಚ್ಚಲ ಬಾಣಂತನಕ್ಕೆ ತವರಿನವರು ಕೊಡಬೇಕಾದದ್ದು. ಒಂದು ತೊಟ್ಟಿಲು ಮನೆಗೆ ಬಂದರೆ ಮೂರು ತಲೆಮಾರು ತೂಗಬಹುದು. ಇಷ್ಟು ಸತ್ಯ ಸಾಕಲ್ಲವೇ? ಅವರಿಗೆ ಸಾಲದು. ಮೊದಲ ಚಿತ್ರದಲ್ಲಿ ಅವರು ಈ ತೊಟ್ಟಿಲನ್ನು ಸವಣೂರು ನವಾಬರ ಮನೆಗೆ ಕಳಿಸಿದರು. ಎರಡನೆಯದರಲ್ಲಿ ಅದು ಮೈಸೂರು ಅರಮನೆ ಮುಟ್ಟಿತು. ಮೂರನೆಯದರಲ್ಲಿ ಹಡಗು ಹತ್ತಿ ಲಂಡನ್ನಿಗೆ ಹೋಗಿ ವಿಕ್ಟೋರಿಯಾ ರಾಣಿಯ ಮೊಮ್ಮಗುವನ್ನು ಮಲಗಿಸಿತು. “ಸರ, ಇದಕ್ಕ ಆಧಾರ ಏನೈತ್ರಿ?” ಎಂದು ನಾನು ಕೇಳಿದೆ. ಕನ್ನಡಕದ ಮೇಲಿಂದ ನೋಡಿ ಅಂದರು: “ಸಾಕ್ಷ್ಯಚಿತ್ರ ಬಂದೈತೆಲ್ಲೋ ತಮ್ಮಾ, ಅದರಾಗ ಐತಿ ನೋಡ್ಕೋ.”

ಇಷ್ಟೆಲ್ಲ ಕಟ್ಟುವ ಮನುಷ್ಯ ನಿಜವಾಗಿ ನಡೆದ ಕಥೆ ಬಂದರೆ ಮಂಕಾಗುತ್ತಾರೆ. 2018ರ ನವೆಂಬರಿನಲ್ಲಿ ತೀರಿಕೊಂಡ ಅಂಬರೀಶ್ ಅದಕ್ಕೂ ಮುಂಚೆ ಯಶ್–ರಾಧಿಕಾ ಪಂಡಿತ್ ದಂಪತಿಯ ಹುಟ್ಟಲಿದ್ದ ಕೂಸಿಗೆಂದು ಕಲಘಟಗಿಯಲ್ಲಿ ತೊಟ್ಟಿಲು ಹೇಳಿ ಮಾಡಿಸಿದ್ದರು. ಕೊಟ್ಟವರು ಹೋದ ಮೇಲೆ ಕೊಡುಗೆ ಮುಟ್ಟಿತು. ಎಂಥವರಿಗೂ ಕರುಳು ಚುರ್ ಅನ್ನುವ ಕಥೆ. ಸಂಪಾದಕರು ಅದನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. “ಅದು ಎಲ್ಲಾ ಪೇಪರಿನ್ಯಾಗ ಬಂದೈತಿ, ಅದರಾಗ ನಾ ಹೇಳೂದೇನೈತಿ?”

ಇನ್ನು ನನ್ನ ಸಂಕಟಕ್ಕೆ ಬರುತ್ತೇನೆ. ಬೆಂಗಳೂರಿನಿಂದ ನಾಲ್ಕು ಮಂದಿ ಎಳೆಯರು ತೊಟ್ಟಿಲ ಮೇಲೆ ಚಿತ್ರ ಮಾಡಲು ಬಂದರು. ನಿರ್ದೇಶಕಿ ಚುರುಕಿನ ಹುಡುಗಿ. ತೊಟ್ಟಿಲ ಬಗ್ಗೆ ನಾನು ಹಿಂದೆ ಬರೆದ ಲೇಖನ ಓದಿ, ನನ್ನನ್ನೂ ಬರಹೇಳಿದ್ದಳು. ನಾನು ಇಸ್ತ್ರಿ ಅಂಗಿ ಹಾಕಿ, ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ಮುಖ ಮಾಡಿ ನಾಲ್ಕು ಒಳ್ಳೆಯ ವಾಕ್ಯ ಗಟ್ಟಿ ಮಾಡುತ್ತ ಹೋದೆ. ಪಕ್ಕದ ಅಜ್ಜಿ ಜಪ ಮಾಡುತ್ತಿದ್ದಾನೆಂದು ತಿಳಿದು ಕಾಲು ಸರಿಸಿ ಜಾಗ ಕೊಟ್ಟಳು. ಹೋಗಿ ನೋಡಿದರೆ ತೊಟ್ಟಿಲು ಮಾಡುವವರ ಪಡಸಾಲೆಯಲ್ಲಿ ಸಂಪಾದಕರು ಆಗಲೇ ಕುರ್ಚಿ ಹಿಡಿದಿದ್ದರು. ಕಾಲರ್ ಮೈಕನ್ನು ತಾವೇ ಜಾಕೀಟಿಗೆ ಸಿಕ್ಕಿಸಿ, ವೈರನ್ನು ಗುಂಡಿಯ ಒಳಗಿನಿಂದ ಇಳಿಸಿಕೊಳ್ಳುತ್ತಿದ್ದರು. ಸೌಂಡಿನ ಹುಡುಗ ಕೈ ಕಟ್ಟಿ ನಿಂತು ಕಲಿಯುತ್ತಿದ್ದ.

ತೊಟ್ಟಿಲು ಮಾಡುವವರು ನೆಲದ ಮೇಲೆ ಕೂತು ಪಟ್ಟಿಗೆ ಬಣ್ಣ ಕೂಡಿಸುತ್ತಿದ್ದರು. ನಿರ್ದೇಶಕಿ ಅವರ ಮುಂದೆ ಕುಕ್ಕರುಗಾಲಿನಲ್ಲಿ ಕೂತು, “ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಿದ್ದೀರಾ?” ಎಂದು ಕೇಳಿದಳು.

“ನಾಲ್ಕು ತಲಿಮಾರು ಆತವಾ,” ಕುರ್ಚಿಯಿಂದ ಉತ್ತರ ಬಂತು.

“ಈ ಕೆಂಪು ಹೇಗೆ ಮಾಡ್ತೀರಾ?”

“ಇದು ಅರಗು...” ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ, “ಅದು ಬರೇ ಬಣ್ಣ ಅಂತ ತಿಳೀಬ್ಯಾಡವಾ, ಅದು ನಮ್ಮ ಸಂಸ್ಕೃತಿ. ಅದೊಂದು ಕಾಲ ಇತ್ತು...” ಎಂದು ಸಂಪಾದಕರು ಹೊರಟುಬಿಟ್ಟರು. ಸವಣೂರು ದಾಟಿ, ಮೈಸೂರು ದಾಟಿ, ಬಂದರಿನಲ್ಲಿ ಹಡಗು ಹತ್ತುವ ಹೊತ್ತಿಗೆ ಕರೆಂಟು ಹೋಯಿತು. ನಾನು ದೇವರಿಗೆ ಕೈ ಮುಗಿದೆ. ಅದು ಅವಸರವಾಯಿತು. ಕ್ಯಾಮೆರಾದ ಹುಡುಗ ನನ್ನ ಕೈಗೊಂದು ಥರ್ಮಾಕೋಲ್ ಹಾಳೆ ಕೊಟ್ಟು, “ಸರ್, ಬಾಗಿಲ ಬೆಳಕು ಇವರ ಮುಖಕ್ಕೆ ಹೊಡೆಯೋ ಹಾಗೆ ಹಿಡಿದುಕೊಳ್ತೀರಾ?” ಅಂದ. ಹೀಗೆ ವಿಕ್ಟೋರಿಯಾ ರಾಣಿಯ ಮೊಮ್ಮಗುವಿಗೆ ನಾನೇ ಬೆಳಕು ಹಿಡಿಯಬೇಕಾಯಿತು. ಕೈ ಸೋತು ಹಾಳೆ ಕೆಳಗಿಳಿದಾಗಲೆಲ್ಲ ಸಂಪಾದಕರು ಮಾತು ನಿಲ್ಲಿಸದೆ ಹುಬ್ಬಿನಿಂದಲೇ “ಮ್ಯಾಲ, ಮ್ಯಾಲ” ಎಂದು ಸನ್ನೆ ಮಾಡಿದರು. ಕರೆಂಟು ಬಂದಾಗ ನನ್ನ ನಾಲ್ಕು ವಾಕ್ಯಗಳೂ ಬೆವರಿನಲ್ಲಿ ಹರಿದುಹೋಗಿದ್ದವು. ಚಿತ್ರದಲ್ಲಿ ನಾನು ಇದ್ದೇನೆ. ಹನ್ನೊಂದನೆಯ ನಿಮಿಷಕ್ಕೆ ಬಲಮೂಲೆಯಲ್ಲಿ ಇಸ್ತ್ರಿ ಅಂಗಿಯ ಮೊಣಕೈ ಕಾಣುತ್ತದೆ. ಮನೆಯವರಿಗೆ ಅಲ್ಲಿ ಚಿತ್ರ ನಿಲ್ಲಿಸಿ ತೋರಿಸಿದ್ದೇನೆ.

ಸಾಮಾನು ಕಟ್ಟುವಾಗ ತೊಟ್ಟಿಲು ಮಾಡುವವರು ತಾವಾಗಿಯೇ ಒಂದು ಮಾತು ಕೇಳಿದರು: “ಅವಾರ, ಇದನ್ನ ನೋಡಿ ಯಾರರ ಆರ್ಡರ್ ಕೊಡ್ತಾರೇನ್ರಿ?” ನಿರ್ದೇಶಕಿ ನನ್ನ ಮುಖ ನೋಡಿದಳು, ನಾನು ಥರ್ಮಾಕೋಲ್ ನೋಡಿದೆ. ಸಂಪಾದಕರ ಬಾಯಿಂದಲೂ ಮಾತು ಹೊರಡಲಿಲ್ಲ. ಚಹಾ ಬಂತು, ಕುಡಿದೆವು, ಎದ್ದೆವು.

ಮುಂದಿನದು ನನಗೆ ಆ ಹುಡುಗಿಯಿಂದ ತಿಳಿದದ್ದು. ಸಂಪಾದಕರು ಆಕೆಗೆ ಫೋನ್ ಮಾಡಿ, ಚಿತ್ರದ ಕೊನೆಗೆ ತೊಟ್ಟಿಲು ಮಾಡುವವರ ಫೋನ್ ನಂಬರು ಹಾಕಲೇಬೇಕು ಎಂದು ಪಟ್ಟು ಹಿಡಿದರಂತೆ. ನಂಬರು ಹಾಕಿದರೆ ಚಿತ್ರ ಜಾಹೀರಾತಿನ ಹಾಗೆ ಕಾಣುತ್ತದೆ ಸರ್ ಅಂದದ್ದಕ್ಕೆ, “ಹಂಗಾರ ನನ್ನ ಮಾತು ಎಲ್ಲಾ ತಗದಬಿಡ್ರಿ” ಅಂದರಂತೆ. ಅವರ ಮಾತು ತೆಗೆದರೆ ಚಿತ್ರದಲ್ಲಿ ಡ್ರೋನು ಮಾತ್ರ ಉಳಿಯುತ್ತಿತ್ತು. ನಂಬರು ಬಂತು, ದೊಡ್ಡ ಅಕ್ಷರದಲ್ಲಿ.

ಇದನ್ನು ಕೇಳಿದ ಮೇಲೆ ಅವರನ್ನು ಮೊದಲಿನಷ್ಟು ಸಮಾಧಾನದಿಂದ ಬೈಯಲು ನನಗೆ ಆಗುತ್ತಿಲ್ಲ. ಯೋಚಿಸಿ ನೋಡಿದರೆ, ಚಿತ್ರದವರು ಅವರನ್ನೇ ಯಾಕೆ ಹುಡುಕಿಕೊಂಡು ಬರುತ್ತಾರೆ? ಫೋನ್ ಎತ್ತುತ್ತಾರೆ. ವಿದ್ವಾಂಸರು ಪ್ರಶ್ನೆಗಳನ್ನು ಮೊದಲು ಕಳಿಸಿ ಅನ್ನುತ್ತಾರೆ, ಆಮೇಲೆ ಊರಲ್ಲಿರುವುದಿಲ್ಲ. ಇವರು ಯಾವ ಓಣಿಯಲ್ಲಿ ಯಾರ ಮನೆ, ಯಾವ ಮುದುಕಿಗೆ ಯಾವ ಹಾಡು ಬರುತ್ತದೆ, ಯಾವ ಖಾನಾವಳಿಯಲ್ಲಿ ರೊಟ್ಟಿ ಬಿಸಿ ಇರುತ್ತದೆ, ಎಲ್ಲ ಬಲ್ಲರು. ಕಾಲಂ ಸೆಂಟಿಮೀಟರಿನ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದ ಪತ್ರಿಕೆಗಳಿಗೂ ಅವರು ಸುದ್ದಿ ಬರೆದವರು. ಊರ ಜಾತ್ರೆ, ಕಂಪನಿ ನಾಟಕ, ಬಯಲಾಟ ಎಂದು ನಿದ್ದೆಗೆಟ್ಟು ತಿರುಗಿ ಬರೆದದ್ದಕ್ಕೆ ಬಂದ ಹಣ ಬಸ್ ಚಾರ್ಜಿಗೆ ಸರಿಹೋಗುತ್ತಿತ್ತು. ಅವರ ವಾರಪತ್ರಿಕೆಯ ಹಳೆಯ ಕಟ್ಟುಗಳನ್ನು ಅರ್ಧ ಗೆದ್ದಲು ತಿಂದಿದೆ, ಇನ್ನರ್ಧ ಕಪಾಟಿನ ಕೆಳಗಿನ ಅಂಕಣದಲ್ಲಿದೆ. ಕ್ಯಾಮೆರಾಕ್ಕೆ ಕಾಣುವುದು ಮೇಲಿನ ಅಂಕಣ ಮಾತ್ರ. ಸಾಕ್ಷ್ಯಚಿತ್ರದವರು ಅವರಿಗೆ ಒಂದು ಶಾಲು ಹೊದಿಸುತ್ತಾರೆ, ಒಂದು ಚಹಾ ಕುಡಿಸುತ್ತಾರೆ. ಹೋಗಿ ಬರುವ ಆಟೋ ಅವರದೇ ಖರ್ಚು. ಬರೆದದ್ದನ್ನು ಯಾರೂ ಓದಲಿಲ್ಲವೆಂದ ಮೇಲೆ ಮನುಷ್ಯ ಮಾತಾಡದೆ ಏನು ಮಾಡಬೇಕು?

ಹಾಗೆಂದು ತಪ್ಪನ್ನು ತಪ್ಪಲ್ಲ ಅನ್ನಲಾಗದು. ನವಲಗುಂದದಲ್ಲಿ ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತು ಜಮಖಾನ ನೇಯುತ್ತಿರುತ್ತಾರೆ, ಅದರ ನೇಯ್ಗೆ ಹೇಗೆಂದು ಹೇಳುವವರು ಇವರು. ಕೈ ಒಬ್ಬರದು, ದನಿ ಇನ್ನೊಬ್ಬರದು. ಕೆಂಪು ಬಣ್ಣ ಹೇಗೆ ಮಾಡುತ್ತಾರೆಂಬ ಆ ಪ್ರಶ್ನೆಗೆ ಉತ್ತರ ಇವತ್ತಿಗೂ ಯಾವ ಚಿತ್ರದಲ್ಲೂ ನನಗೆ ಸಿಕ್ಕಿಲ್ಲ. ವಿಕ್ಟೋರಿಯಾ ರಾಣಿ ಮಾತ್ರ ಎಲ್ಲ ಕಡೆ ಸಿಗುತ್ತಾಳೆ. ನಾಳೆ ತೊಟ್ಟಿಲು ಮಾಡುವವರ ಮಕ್ಕಳು ಬೇರೆ ಕೆಲಸ ಹಿಡಿದರೆ, ನಮ್ಮ ಕೈಯಲ್ಲಿ ಉಳಿಯುವುದು ರಾಣಿಯ ಕಥೆಯೇ ಹೊರತು ಬಣ್ಣದ ಪಾಕವಲ್ಲ.

ಆದ್ದರಿಂದ ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಕ್ಯಾಮೆರಾ ಹೊತ್ತು ಬರುವ ಮಕ್ಕಳಲ್ಲಿ ನನ್ನದೊಂದು ವಿನಂತಿ. ಹುಬ್ಬಳ್ಳಿ–ಕಾರವಾರ ರಸ್ತೆಯಲ್ಲಿ ಕಲಘಟಗಿಗೆ ಬಂದು ಇಳಿದ ಕೂಡಲೇ ಕಾಲರ್ ಮೈಕನ್ನು ಕೆಲಸ ಮಾಡುವವರ ಅಂಗಿಗೆ ಸಿಕ್ಕಿಸಿರಿ. ಅವರು ತಡವರಿಸಲಿ, ನಿಧಾನಿಸಲಿ, ಕಾಯಿರಿ. ಅವರ ಮಾತು ಪೂರ್ತಿ ಮುಗಿದ ಮೇಲೆ ಸಂಪಾದಕರ ಮನೆಗೆ ಹೋಗಿರಿ, ಆಟೋ ಚಾರ್ಜು ನೀವೇ ಕೊಡಿರಿ, ಕಪಾಟಿನ ಕೆಳಗಿನ ಅಂಕಣವನ್ನು ಒಮ್ಮೆ ತೆಗೆಸಿ ಓದಿರಿ. ಆಮೇಲೆ ಅವರು ಮಾತಾಡಿದಷ್ಟು ಮಾತಾಡಲಿ ಬಿಡಿ, ತಡೆಯಲು ಹೇಗೂ ನಿಮ್ಮಿಂದ ಆಗುವುದಿಲ್ಲ. ಮತ್ತು ಥರ್ಮಾಕೋಲ್ ಹಿಡಿಯಲು ದಯವಿಟ್ಟು ನಿಮ್ಮವರನ್ನೇ ಕರೆತನ್ನಿ.