ಕ್ಯಾಂಟನೀಸಿಗೆ ಗಮಕ ಬೇಡವಂತೆ

ಹಾಂಗ್‌ಕಾಂಗಿನಲ್ಲಿರುವ ಮಗ ಆಫೀಸಿನಲ್ಲಿ ಇಂಗ್ಲಿಷು, ಮನೆಯಲ್ಲಿ ಕನ್ನಡ ಆಡಿಕೊಂಡು ಹಾಯಾಗಿದ್ದಾನೆ. ಕ್ಯಾಂಟನೀಸ್ ಕಲಿಯುವ ಯೋಗ ಬಂದದ್ದು ಜಯನಗರ ನಾಲ್ಕನೇ ಬ್ಲಾಕಿನ ನಮ್ಮ ಮನೆಯವಳಿಗೆ. ಮೊಮ್ಮಗನನ್ನು ಅಲ್ಲಿನವರದ್ದೇ ಒಂದು ಕಿಂಡರ್‌ಗಾರ್ಟನ್ನಿಗೆ ಹಾಕಿದ್ದಾರೆ. ವಿಡಿಯೋ ಕಾಲಿನಲ್ಲಿ ಅವನು ಅಜ್ಜಿಯ ಹತ್ತಿರ ಕನ್ನಡ ಮಾತಾಡುತ್ತಾನೆ, ತನ್ನ ಗೊಂಬೆಗಳ ಹತ್ತಿರ ಕ್ಯಾಂಟನೀಸ್. “ಗೊಂಬೆಗೆ ಅರ್ಥವಾಗೋದು ನನಗಾಗಲ್ವೇನ್ರೀ?” ಎಂದು ಇವಳು ಹಟ ಹಿಡಿದಳು.

ಆ ಭಾಷೆಗೆ ಆರು ಸ್ವರ, ಹಳೇ ಲೆಕ್ಕದಲ್ಲಿ ಒಂಬತ್ತು. ‘ಸಿ’ ಎಂಬುದನ್ನು ಮೇಲೆ ಹಿಡಿದು ನಿಲ್ಲಿಸಿದರೆ ಕವಿತೆ, ತಳಕ್ಕಿಳಿಸಿದರೆ ಕಾಲ, ತಳದಿಂದ ತುಸು ಎತ್ತಿದರೆ ಮಾರ್ಕೆಟ್ಟು. ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವವಳಿಗೆ ಇದೆಲ್ಲ ಸರಳೆ ವರಸೆ. ಒಂಬತ್ತೂ ಸ್ವರ ಸಾಲಾಗಿ ಬರುವಂತೆ ಅಂಕಿಗಳದ್ದೇ ಒಂದು ಸರ ಇದೆ: 394052786. ಕ್ಯಾಂಟನೀಸಿನಲ್ಲಿ ಅದನ್ನು ಓದುತ್ತ ಹೋದರೆ ಸಾಧಕ ತಾನಾಗಿ ಆಗುತ್ತದೆ. ರಾಗಿಗುಡ್ಡದ ಮೆಟ್ಟಿಲು ಹತ್ತುವಾಗಲೂ ಇವಳದು ಅದೇ ಜಪ. ಮರೆಯದಿರಲೆಂದು ಕ್ಯಾಲೆಂಡರಿನ ಮೇಲೆ, ಗ್ಯಾಸಿನವನ ನಂಬರಿನ ಪಕ್ಕ ಬರೆದಿಟ್ಟಳು. ಮಹಡಿ ಮನೆಯ ಬಾಡಿಗೆಯವರು ಸಿಲಿಂಡರಿಗೆ ಫೋನ್ ಮಾಡಲು ಬಂದವರು, “ಒಂದು ಅಂಕಿ ಕಮ್ಮಿ ಇದೆಯಲ್ಲ ಸಾರ್?” ಎಂದರು.

ಗ, ದ, ಬ ಅಲ್ಲಿಲ್ಲ. ಕ-ಖ, ತ-ಥ, ಪ-ಫ ಭೇದ ಮಾತ್ರ ಕಟ್ಟುನಿಟ್ಟು. 1993ರಲ್ಲಿ ಹಾಂಗ್‌ಕಾಂಗಿನ ಭಾಷಾತಜ್ಞರು ಮಾಡಿದ ಜ್ಯೂಟ್‌ಪಿಂಗ್ ಎಂಬ ಇಂಗ್ಲಿಷ್ ಅಕ್ಷರದ ಪದ್ಧತಿಯಲ್ಲಿ ‘ಪ’ಕ್ಕೆ ಬಿ, ‘ಫ’ಕ್ಕೆ ಪಿ. ಇವಳು ಅದನ್ನು ಬದಿಗಿಟ್ಟು ಎಲ್ಲವನ್ನೂ ಕನ್ನಡದಲ್ಲೇ ಬರೆದುಕೊಂಡಳು. ನಾವೆಲ್ಲ ಒಂದನೇ ಕ್ಲಾಸಿನಲ್ಲಿ ಉರುಹೊಡೆದು ಕೈಬಿಟ್ಟ ‘ಙ’ ಅಲ್ಲಿ ‘ನಾನು’ ಅನ್ನುವುದಕ್ಕೇ ಬೇಕಂತೆ: ‘ಙೊ’. ಈಗಿನ ಹಾಂಗ್‌ಕಾಂಗ್ ಹುಡುಗರು ಆ ಙಕಾರವನ್ನು ನುಂಗುತ್ತಾರೆ. ಇವಳು ನುಂಗುವುದಿಲ್ಲ.

ಕೆಟ್ಟದ್ದು ‘ಊಟ ಆಯ್ತಾ’ ಎಂಬಲ್ಲಿ. ‘ಸಿಕ್ ಚೊ ಫಾನ್ ಮೇಯ್ ಆ?’ ಕೊನೆಯ ‘ಆ’ ತೀರಾ ಚಿಕ್ಕದು; ನಡುಮಟ್ಟದಲ್ಲಿ ಅಂದು ಬಿಟ್ಟುಬಿಡಬೇಕು. ಸಂಗೀತದವರಿಗೆ ಅಕಾರ ಸಿಕ್ಕರೆ ಬಿಡುತ್ತಾರೆಯೇ? ನಮ್ಮ ಸಾಯಂಕಾಲದ ಕಾಫಿಯ ಹೊತ್ತಿಗೆ, ಎರಡೂವರೆ ಗಂಟೆ ಮುಂದಿರುವ ಅಲ್ಲಿ ತಟ್ಟೆ ಹಾಕಿರುತ್ತಾರೆ. ಇವಳು ಆ ‘ಆ’ದಿಂದ ಕಲ್ಯಾಣಿ ಎತ್ತಿಕೊಂಡು, ತಾರಸ್ಥಾಯಿ ಮುಟ್ಟಿ, ಷಡ್ಜಕ್ಕೆ ಬಂದು ನಿಲ್ಲುವಷ್ಟರಲ್ಲಿ ಅವನ ಊಟ ನಿಜವಾಗಿಯೂ ಆಗಿರುತ್ತದೆ.

“ಅಜ್ಜೀ, ಎಳೀಬೇಡ!”

“ಗಮಕ ಇಲ್ದೆ ಅದೇನು ಮಾತೋ, ಬೋಳುಬೋಳು!”

ಹೋದ ವಾರ ಸೊಸೆ ಫೋನ್ ಮಾಡಿದ್ದಳು. ಮಿಸ್ಸು ಕರೆಸಿದ್ದರಂತೆ. ಹುಡುಗ ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ಮುಗಿಸುವುದೇ ಇಲ್ಲವಂತೆ. ಕೊನೆಯ ‘ಆ’ ಹಿಡಿದು ನಿಂತುಬಿಡುತ್ತಾನಂತೆ. ಈಗ ಪಕ್ಕದ ಬೆಂಚಿನ ಮಕ್ಕಳೂ ಶುರುಮಾಡಿದ್ದಾರಂತೆ.

ಇವಳು ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಕೇಳಿದ್ದು ಒಂದೇ ಮಾತು: “ಶ್ರುತಿ ಸೇರ್ತಿದೆ ತಾನೇ?”