ಮಾನಸೋಲ್ಲಾಸದ ನೂರೊಂದನೆಯ ಅಧ್ಯಾಯ: ರಿವಾಲ್ವರ್ ವಿನೋದ

ಪೀಠಿಕೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಮಾನಸೋಲ್ಲಾಸವನ್ನು ರಚಿಸಿದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿ, ಒಟ್ಟು ನೂರು ಅಧ್ಯಾಯ. ರಾಜ್ಯ ಗಳಿಸುವ ಬಗೆ, ಆನೆ ಪಳಗಿಸುವ ಬಗೆ, ಮೀನು ಹಿಡಿಯುವ ಬಗೆ, ಕೋಳಿ ಕಾಳಗ, ಅಡುಗೆಮನೆಯ ಭಕ್ಷ್ಯ, ಏನನ್ನೂ ಆತ ಬಿಟ್ಟಿಲ್ಲ. ಶಸ್ತ್ರವಿನೋದಕ್ಕೂ ಅಲ್ಲಿ ಜಾಗವುಂಟು. ಆದರೂ ‘ಸರ್ವಜ್ಞ ಚಕ್ರವರ್ತಿ’ ಎನಿಸಿಕೊಂಡ ಈ ಮಹಾರಾಯ ರಿವಾಲ್ವರ್ ಬಗ್ಗೆ ಒಂದಕ್ಷರ ಬರೆದಿಲ್ಲ. ಸ್ಯಾಮ್ಯುಯೆಲ್ ಕೋಲ್ಟ್ ಅದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದೇ 1836ರಲ್ಲಿ ಎಂದು ಇತಿಹಾಸಕಾರರು ಸೋಮೇಶ್ವರನ ಪರ ವಕಾಲತ್ತು ವಹಿಸುತ್ತಾರೆ. ಏಳುನೂರು ವರ್ಷದ ಅಂತರ ಸರ್ವಜ್ಞನಿಗೆ ನೆಪವಾಗಬಾರದು. ಆ ಲೋಪವನ್ನು ಸರಿಪಡಿಸಲು ಈ ನೂರೊಂದನೆಯ ಅಧ್ಯಾಯ.

ವಿಧಾನವನ್ನು ಅದೇ ಕಲ್ಯಾಣದ ವಿಜ್ಞಾನೇಶ್ವರನಿಂದ ಪಡೆದಿದ್ದೇವೆ. ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ಕುಳಿತು ಆತ ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನ, ದೇಶದ ಬಹುಭಾಗದ ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವುದು ಹೇಗೆಂದು ಶತಮಾನಗಳ ಕಾಲ ನಿರ್ಣಯಿಸಿತು. ಹೊಲ ಹಂಚಿಕೊಂಡ ಅಣ್ಣತಮ್ಮಂದಿರಿಗೆ ಮುಂದೆ ರಿವಾಲ್ವರ್ ಯಾಕೆ ಬೇಕೆನ್ನಿಸಿತು ಎಂಬುದು ಅದರ ಸಹಜ ಮುಂದುವರಿಕೆ.

ಲಕ್ಷಣ ಪ್ರಕರಣ

ಸೂತ್ರ: ಹೆಬ್ಬೆರಳಿಗೆ ಕುದುರೆ, ತೋರುಬೆರಳಿಗೆ ಗುಂಡು.

ವ್ಯಾಖ್ಯಾನ: ರಿವಾಲ್ವರ್ ಎರಡು ಬಗೆ. ಸಿಂಗಲ್ ಆಕ್ಷನ್‌ನಲ್ಲಿ ಪ್ರತಿ ಗುಂಡಿಗೂ ಮುನ್ನ ಹಿಂಬದಿಯ ಕುದುರೆಯನ್ನು (ಹ್ಯಾಮರನ್ನು) ಹೆಬ್ಬೆರಳಿನಿಂದ ಎಳೆದು ನಿಲ್ಲಿಸಬೇಕು. ಆಗ ತೋಟಾ ತುಂಬಿದ ಉರುಳೆ ಒಂದು ಮನೆ ತಿರುಗುತ್ತದೆ. ಟ್ರಿಗರ್‌ಗೆ ಉಳಿಯುವುದು ಕುದುರೆಯನ್ನು ಬಿಡುವ ಕೆಲಸವೊಂದೇ. ಡಬಲ್ ಆಕ್ಷನ್‌ನಲ್ಲಿ ಟ್ರಿಗರ್ ಒತ್ತಿದರೆ ಎಳೆಯುವುದು, ತಿರುಗಿಸುವುದು, ಬಿಡುವುದು ಮೂರೂ ಒಟ್ಟಿಗೇ ಆಗಿಬಿಡುತ್ತವೆ. ಸಿಂಗಲ್ ಆಕ್ಷನ್‌ಗಳಲ್ಲಿ ಹೆಸರಾದದ್ದು 1873ರ ಕೋಲ್ಟ್. ಪಕ್ಕದ ಕಿಂಡಿ ತೆರೆದು ಒಂದೊಂದೇ ತೋಟಾ ತುಂಬಬೇಕು. ಖಾಲಿಯಾದ ಮೇಲೆ ಕಡ್ಡಿಯಿಂದ ಒಂದೊಂದೇ ಖಾಲಿ ತೋಟಾವನ್ನು ಹೊರಗೆ ನೂಕಬೇಕು. ವೈರಿ ಅಷ್ಟು ಹೊತ್ತು ಕಾಯುವ ಸಭ್ಯಸ್ಥನಾಗಿರುವುದು ಈ ಶಾಸ್ತ್ರದ ಪೂರ್ವಾಪೇಕ್ಷೆ.

ಈ ಕೋಲ್ಟಿನಲ್ಲಿ ಆರು ಮನೆಗಳಿದ್ದರೂ ತಿಳಿದವರು ಐದನ್ನೇ ತುಂಬಿ, ಖಾಲಿ ಮನೆಯ ಮೇಲೆ ಕುದುರೆಯನ್ನು ಇಳಿಸಿಡುತ್ತಿದ್ದರು. ಕೆಳಗೆ ಬಿದ್ದರೆ ಗುಂಡು ಸ್ವಂತ ಕಾಲಿಗೇ ಹಾರಬಾರದಲ್ಲ! ಅಲ್ಲಮಪ್ರಭು ಶೂನ್ಯ ಸಿಂಹಾಸನವನ್ನೇರಿದ ಕಲ್ಯಾಣದಲ್ಲಿ ಶೂನ್ಯದ ಮಹತ್ವವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಟೆಕ್ಸಾಸಿನ ದನಗಾಹಿಗಳಿಗೆ ಅದು ಕಾಲಿನ ಹೆಬ್ಬೆರಳು ಕಳಕೊಂಡ ಮೇಲೆ ತಿಳಿಯಿತು.

ಕನ್ನಡ ನಾಡಿನ ಬಹುಮಂದಿ ಈ ಆಯುಧವನ್ನು ಕಂಡದ್ದು ತೆರೆಯ ಮೇಲೆ. ‘ಕೌಬಾಯ್ ಕುಳ್ಳ’ ತೆರೆಕಂಡದ್ದು 1973ರಲ್ಲಿ, ಈ ಕೋಲ್ಟ್ ಹುಟ್ಟಿ ಸರಿಯಾಗಿ ನೂರು ವರ್ಷಕ್ಕೆ. ಅದರ ನಾಯಕ ದ್ವಾರಕೀಶರು ಶತಮಾನೋತ್ಸವವನ್ನು ಇಷ್ಟು ಕರಾರುವಾಕ್ಕಾಗಿ ಆಚರಿಸಿದ್ದನ್ನು ಯಾವ ಸಂಶೋಧಕನೂ ಈವರೆಗೆ ಗಮನಿಸದಿರುವುದು ವಿಷಾದನೀಯ.

ಇಂದು ಕಲ್ಯಾಣದ ನೆರೆಯ ಹುಮನಾಬಾದಿನ ಅಡತಿ ವ್ಯಾಪಾರಿಗೆ ಹೊಸ ಸಿಂಗಲ್ ಆಕ್ಷನ್ ಬೇಕೆಂದರೆ ಸುಲಭಕ್ಕೆ ಸಿಗುವುದಿಲ್ಲ. ವಿದೇಶಿ ಕೈಬಂದೂಕುಗಳು ಸಾಮಾನ್ಯ ಲೈಸೆನ್ಸ್‌ದಾರರಿಗೆ ಆಮದಾಗುವುದು ನಿಂತು ದಶಕಗಳೇ ಆದವು. ಸಾಮಾನ್ಯವಾಗಿ ಸಿಗುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ಬೋರಿನ ಆರು ಗುಂಡಿನದು. ಅದು ಡಬಲ್ ಆಕ್ಷನ್. ಮನಸ್ಸಾದರೆ ಕುದುರೆ ಎಳೆದು ಸಿಂಗಲ್ ಮಾಡಿಕೊಳ್ಳಬಹುದು. 2014ರಲ್ಲಿ ಮಹಿಳೆಯರಿಗೆಂದು ಬಂದ ‘ನಿರ್ಭೀಕ್’ ಅರ್ಧ ಕಿಲೋ ತೂಗುತ್ತಿತ್ತು, ಬೆಲೆ 1,22,360 ರೂಪಾಯಿ. ಬೆಲೆ ಕೇಳಿಯೂ ನಿರ್ಭೀತಳಾಗಿ ಉಳಿದವಳೇ ಅದಕ್ಕೆ ಯೋಗ್ಯಳು.

ಅರ್ಹತಾ ಪ್ರಕರಣ

ಸೂತ್ರ: ಹೆದರಿದವನಿಗೇ ಶೌರ್ಯ.

ವ್ಯಾಖ್ಯಾನ: 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅರ್ಜಿದಾರನಿಗೆ 21 ತುಂಬಿರಬೇಕು. ಆಸ್ತಿ ಸಾಲದೆಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ ಎಂದು 14ನೆಯ ಕಲಮು ಉದಾರವಾಗಿ ನುಡಿಯುತ್ತದೆ. ಆ ಔದಾರ್ಯ ಬಂದೂಕಿನ ಅಂಗಡಿಯವನಿಗೆ ಅನ್ವಯಿಸುವುದಿಲ್ಲ. ಅರ್ಜಿ ಬೀದರಿನ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತದೆ, ಅಲ್ಲಿಂದ ವರದಿಗಾಗಿ ಪೊಲೀಸ್ ಠಾಣೆಗೆ ಇಳಿಯುತ್ತದೆ. ಠಾಣೆಯಲ್ಲಿ ಮುಖ್ಯವಾಗಿ ಸಾಬೀತಾಗಬೇಕಾದದ್ದು ಜೀವಭಯ. ಈ ಘಟ್ಟದ ಒಂದು ಆದರ್ಶ ಸಂವಾದವನ್ನು ವಿದ್ಯಾರ್ಥಿಗಳ ಅನುಕೂಲಕ್ಕೆಂದು ರಚಿಸಿ ಕೊಟ್ಟಿದ್ದೇವೆ.

“ಯಾರಿಂದ ಭಯ ಅದಾರಿ ಸಾವಕಾರ?”

“ಸದ್ಯಕ್ಕ ಯಾರಿಂದೂ ಇಲ್ರಿ ಸಾಹೇಬ್ರ. ಲೈಸೆನ್ಸ್ ಬಂದ ಮ್ಯಾಲ ಆಗ್ತಾರ.”

ಇಲ್ಲಿ ಅಡಗಿರುವ ಸಿದ್ಧಾಂತ ಸೂಕ್ಷ್ಮವಾದದ್ದು. ಮನೆಯಲ್ಲಿ, ಮಂಡಿಯಲ್ಲಿ, ಮದುವೆ ಮಂಟಪದಲ್ಲಿ “ನಾ ಯಾರಪ್ಪಗೂ ಅಂಜಂವಲ್ಲ” ಎನ್ನುತ್ತಿದ್ದ ಗೃಹಸ್ಥನು ಸರ್ಕಾರದ ಮುಂದೆ ತಾನು ಅಂಜುತ್ತೇನೆಂದು ಬರೆದು ರುಜು ಹಾಕುತ್ತಾನೆ. ಅಂಜಿಕೆ ನಿಜವೆಂದು ಖಾಕಿ ವರದಿ ಹೇಳಿದರೆ ಮುದ್ರೆ ಬೀಳುತ್ತದೆ. ಆ ಮುದ್ರೆಯನ್ನು ಸೊಂಟಕ್ಕೆ ಕಟ್ಟಿಕೊಂಡ ದಿನದಿಂದ ಊರು ಅವನನ್ನು ಧೈರ್ಯವಂತನೆಂದು ಕರೆಯುತ್ತದೆ. ಅಂಜಿಕೆಯನ್ನು ಕೊಟ್ಟು ಶೌರ್ಯವನ್ನು ಪಡೆಯುವ ಈ ಸಾಟಿ ವ್ಯಾಪಾರಕ್ಕೆ ಕೌಟಿಲ್ಯನಲ್ಲೂ ಹೋಲಿಕೆಯಿಲ್ಲ.

ಕೊಡಗಿನ ಪಕ್ಷದವರು ಇಲ್ಲಿ ಆಕ್ಷೇಪಿಸಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿಯಿದ್ದು, 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಗಿದೆ. ಅಂಜಿಕೆ ಸಾಬೀತು ಮಾಡದೆಯೇ ಅಲ್ಲಿ ಬಂದೂಕು ಹಿಡಿಯಬಹುದು. ಹುಮನಾಬಾದಿನ ಪಕ್ಷದ ಉತ್ತರ: ಕಷ್ಟಪಡದೆ ಬಂದ ಶೌರ್ಯದಲ್ಲಿ ರುಚಿಯಿಲ್ಲ.

ಪ್ರದರ್ಶನ ಪ್ರಕರಣ

ಸೂತ್ರ: ಮುಚ್ಚಿದ್ದೇ ಕಾಣಬೇಕು.

ವ್ಯಾಖ್ಯಾನ: ಸಾರ್ವಜನಿಕ ಜಾಗದಲ್ಲಿ ಆಯುಧ ಝಳಪಿಸಬಾರದೆಂದು 2016ರ ನಿಯಮಗಳು ವಿಧಿಸುತ್ತವೆ. ತೋರಿಸುವಂತಿಲ್ಲ, ತೋರಿಸದಿದ್ದರೆ ಒಂದೂಕಾಲು ಲಕ್ಷ ನೀರಪಾಲು. ಈ ಸಂದಿಗ್ಧದಿಂದ ಜುಬ್ಬಾ ಶಾಸ್ತ್ರ ಹುಟ್ಟಿತು. ಹೈದರಾಬಾದ್ ರಸ್ತೆಯ ಹೋಟೆಲಿನಲ್ಲಿ ಚಹಾ ಕುಡಿದಾದ ಮೇಲೆ ಪಾಕೀಟು ತೆಗೆಯುವ ನೆಪದಲ್ಲಿ ಎಡಗೈಯಿಂದ ಜುಬ್ಬಾದ ಬಲಬದಿಯನ್ನು ನಾಲ್ಕು ಬೆರಳಷ್ಟು ಎತ್ತಬೇಕು. ಚರ್ಮದ ಚೀಲದ ಬಾಯಿ, ಅದರಿಂದ ಇಣುಕುವ ಹಿಡಿಕೆಯ ತುದಿ, ಅಷ್ಟೇ ಕಾಣಬೇಕು. ಪಾಕೀಟು ಎಡಜೇಬಿನಲ್ಲಿದ್ದರೂ ಬಲಬದಿಯನ್ನೇ ಎತ್ತುವುದು ಪರಿಣತನ ಗುರುತು. ಬಿಲ್ಲು ತಂದ ಹುಡುಗ “ಮೋಬೈಲ್ ಕವರ್ ಛಲೋ ಅದಾರಿ ಕಾಕಾ, ಎಲ್ಲಿ ತಗೊಂಡ್ರಿ?” ಎಂದು ಕೇಳಿದರೆ ಪ್ರಯೋಗ ವಿಫಲವಾಯಿತೆಂದು ತಿಳಿಯತಕ್ಕದ್ದು.

ಪ್ರಯೋಗ ಪ್ರಕರಣ

ಸೂತ್ರ: ಹಾರಿಸದಿರುವುದೇ ಗುರಿ.

ವ್ಯಾಖ್ಯಾನ: ಗುಂಡು ಹಾರಿಸುವ ಸಂದರ್ಭಗಳನ್ನು ಒಂದೊಂದಾಗಿ ಪರಿಶೀಲಿಸೋಣ. ಮದುವೆ ಮೆರವಣಿಗೆಯಲ್ಲಿ? 2019ರ ತಿದ್ದುಪಡಿಯ ನಂತರ, ಅಜಾಗರೂಕತೆಯಿಂದಲೋ ಸಂಭ್ರಮಕ್ಕೋ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಊರಿನ ವೀರಭದ್ರೇಶ್ವರ ಜಾತ್ರೆಯಲ್ಲಿ? ಅದೇ ಕಾಯ್ದೆ, ಹೆಚ್ಚು ಜನ. ಹೊಲದಲ್ಲಿ ತೊಗರಿ ತಿನ್ನುವ ಹಂದಿಗೆ? .32ರ ಗುಂಡಿಗೆ ಹಂದಿ ತಿರುಗಿ ನೋಡೀತು, ಅರಣ್ಯ ಇಲಾಖೆಯೂ ನೋಡೀತು. ಉಳಿದದ್ದು ಆಯುಧಪೂಜೆ. ಅಂದು ರಿವಾಲ್ವರ್‌ಗೆ ಮಣೆ, ವಿಭೂತಿ, ಕುಂಕುಮ, ಚೆಂಡು ಹೂವು, ಮುಂದೊಂದು ನಿಂಬೆಹಣ್ಣು. ಕುಂಕುಮ ಉರುಳೆಯ ಸಂದಿಗೆ ಇಳಿದು ಎಣ್ಣೆಯೊಡನೆ ಕಲಸಿ, ದೀಪಾವಳಿಯ ಹೊತ್ತಿಗೆ ಕುದುರೆ ಮಿಸುಕಾಡದಂತೆ ಹಿಡಿದುಕೊಳ್ಳುತ್ತದೆ. ಹಲ್ಲುಜ್ಜುವ ಹಳೇ ಬ್ರಷ್ ಹಿಡಿದು ಅದನ್ನು ಬಿಡಿಸುತ್ತ ಕೂತ ಯಜಮಾನನಿಗೆ ಯಜಮಾನತಿ, “ಅದರ ಬದಲಿ ಹೊಲಿಗಿ ಮಿಷನ್ನಿಗರ ಎಣ್ಣಿ ಬಿಡ್ರಿ, ಕೆಲಸಕ್ಕ ಬರ್ತದ” ಎನ್ನುವಳು.

ಪೂರ್ವಪಕ್ಷ: ಹನ್ನೆರಡನೆಯ ಶತಮಾನದಲ್ಲಿ ಅಹಿಂಸೆಯನ್ನು ಬೋಧಿಸಿದ ಬಸವಣ್ಣನ ಊರಿನಲ್ಲಿ ರಿವಾಲ್ವರ್ ಸಲ್ಲದು. ಸಿದ್ಧಾಂತ: ಕೊಲ್ಲುವ ಆಯುಧವಾದರೆ ಸಲ್ಲದು, ನಿಜ. ಮೇಲೆ ವಿವರಿಸಿದ ಆಯುಧಕ್ಕೆ ಆ ದೋಷವಿಲ್ಲ.

ಪ್ರವಾಸ ಪ್ರಕರಣ

ಸೂತ್ರ: ಚುನಾವಣೆಯೇ ಅದರ ಯಾತ್ರೆ.

ವ್ಯಾಖ್ಯಾನ: ರಿವಾಲ್ವರ್ ಮನೆಯಿಂದ ನಿಜವಾಗಿ ಹೊರಡುವುದು ನೀತಿಸಂಹಿತೆ ಜಾರಿಯಾದಾಗ. ಜಿಲ್ಲೆಯ ಪರಿಶೀಲನಾ ಸಮಿತಿ ಹೆಸರು ಸೂಚಿಸಿತೆಂದರೆ ಠಾಣೆಗೆ ಒಪ್ಪಿಸಬೇಕು. ಈ ವಿಷಯದಲ್ಲಿ ಅಂದಿನ ಕಲ್ಯಾಣವಾದ ಇಂದಿನ ಬಸವಕಲ್ಯಾಣ ಪುಣ್ಯಭೂಮಿ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ. 2021ರ ಏಪ್ರಿಲ್ 17ರಂದು ವಿಧಾನಸಭೆಯ ಉಪಚುನಾವಣೆ. 2023ರ ಮೇ 10ಕ್ಕೆ ಮತ್ತೆ ವಿಧಾನಸಭೆ. 2024ರ ಮೇ 7ಕ್ಕೆ ಲೋಕಸಭೆ. ಆ ಸಲ ಮಾರ್ಚ್ 16ಕ್ಕೆ ಘೋಷಣೆ, ಜೂನ್ 4ಕ್ಕೆ ಎಣಿಕೆ, ನಡುವೆಲ್ಲ ಠಾಣೆವಾಸ.

ಠಾಣೆಯಲ್ಲಿ ರೈಟರ್ ನಂಬರು ಓದಿ, ರಿಜಿಸ್ಟರಿನಲ್ಲಿ ಬರೆದು, ಹಿಡಿಕೆಗೆ ದಾರದಲ್ಲಿ ಒಂದು ರಟ್ಟಿನ ಚೀಟಿ ಕಟ್ಟುತ್ತಾನೆ. ಹೊಲ ಕಾಯುವ ಸಿಂಗಲ್ ಬ್ಯಾರಲ್ ಬಂದೂಕುಗಳ ನಡುವೆ ಅದು ಒರಗಿ ಕೂರುತ್ತದೆ. ಗಮನಿಸಬೇಕಾದ ಅಂಶ ಇಷ್ಟು: ಊರಲ್ಲಿ ನಿಜಕ್ಕೂ ಕಲ್ಲು ತೂರಾಟವೋ ಕೈ ಕೈ ಮಿಲಾಯಿಸುವುದೋ ಆಗುವುದಿದ್ದರೆ ಅದು ಚುನಾವಣೆಯ ದಿನಗಳಲ್ಲೇ. ಯಜಮಾನನ ಜೀವರಕ್ಷಕ ಆ ದಿನಗಳಲ್ಲಿ ಪೊಲೀಸರ ರಕ್ಷಣೆಯಲ್ಲಿರುತ್ತದೆ, ಯಜಮಾನ ಬೆತ್ತ ಹಿಡಿದು ಓಡಾಡುತ್ತಾನೆ. ಆದರೂ ಅವನಿಗೆ ಆ ದಿನಗಳಲ್ಲೇ ಒಳ್ಳೆಯ ನಿದ್ದೆ. ಉಳಿದ ಕಾಲದಲ್ಲಿ ಕಪಾಟಿನ ಕೀಲಿ ದಿಂಬಿನ ಕೆಳಗೆ, ಕಿವಿ ಬಾಗಿಲ ಕಡೆಗೆ. ಕಳ್ಳ ಬಂದರೆ ಮೊದಲು ಕದಿಯುವುದು ಅದನ್ನೇ ಎಂಬ ಚಿಂತೆ. ಅಂದು ಅರ್ಜಿಯಲ್ಲಿ ಸುಳ್ಳಾಗಿ ಬರೆದ ಜೀವಭಯ ಹೀಗೆ ಕ್ರಮೇಣ ನಿಜವಾಗುತ್ತದೆ. ಅರ್ಜಿದಾರನು ಸರ್ಕಾರಕ್ಕೆ ಸುಳ್ಳು ಹೇಳಿದನೆಂಬ ಆರೋಪ ತಾನಾಗಿ ಬಿದ್ದುಹೋಗುತ್ತದೆ.

ಫಲಶ್ರುತಿ

ಈ ಅಧ್ಯಾಯವನ್ನು ಓದಿದವನಿಗೆ ಪೊಲೀಸ್ ವರದಿ ಅನುಕೂಲವಾಗುವುದು. ಕೇಳಿದವನಿಗೆ ಶತ್ರುನಾಶ, ಶತ್ರುಗಳಿಲ್ಲದವನಿಗೆ ಶತ್ರುಪ್ರಾಪ್ತಿ. ಓದಿಯೂ ಅರ್ಜಿ ಹಾಕದವನಿಗೆ ಒಂದೂಕಾಲು ಲಕ್ಷವೂ ಚುನಾವಣೆಯಿಲ್ಲದ ರಾತ್ರಿಗಳ ನಿದ್ದೆಯೂ ಉಳಿಯುವುವು. 2019ರ ತಿದ್ದುಪಡಿಯಂತೆ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿರುವುದರಿಂದ ಈ ಫಲವೂ ಐದು ವರ್ಷ ಮಾತ್ರ ಚಾಲ್ತಿಯಲ್ಲಿರತಕ್ಕದ್ದು. ನವೀಕರಣಕ್ಕೆ ಅಧ್ಯಾಯವನ್ನು ಮೊದಲಿನಿಂದ ಓದಿ, ಎರಡು ಪಾಸ್‌ಪೋರ್ಟ್ ಅಳತೆಯ ಫೋಟೋದೊಂದಿಗೆ, ಹೊಸದಾಗಿ ಹೆದರಿಕೊಂಡು ಬರುವುದು.